ಸೇತುವೆಯ ಅಡಿಗೆ ಇಳಿದು ನೋಡುವವರು ಯಾರು?

ಹೊಸತು ಕಟ್ಟಲು ಕೋಟಿ ಉಂಟು, ಇದ್ದದ್ದರ ಕೊಳವೆ ಬಿಡಿಸಲು ಸಾವಿರ ಇಲ್ಲ

ಕಾಸರಗೋಡು: ಪತ್ತನಾಜೆ ಹತ್ತಿರ ಬಂತೆಂದರೆ ನಮ್ಮ ಕಡೆ ಮನೆ ಮನೆಯಲ್ಲೂ ಗಡಿಬಿಡಿ. ಮಾಡಿಗೆ ಹತ್ತಿ ಒಡೆದ ಹಂಚು ಬದಲಿಸಬೇಕು, ದಂಬೆಯಲ್ಲಿ ತುಂಬಿದ ತರಗೆಲೆ ತೆಗೆಯಬೇಕು, ಅಂಗಳದ ನೀರು ತೋಡಿಗೆ ಹೋಗುವ ಕಣಿ ಬಿಡಿಸಬೇಕು, ಸೌದೆ ಒಳಗೆ ಹಾಕಬೇಕು. ಇದಕ್ಕೆ ಯಾರೂ ಎಸ್ಟಿಮೇಟ್ ಮಾಡುವುದಿಲ್ಲ, ಟೆಂಡರ್ ಕರೆಯುವುದಿಲ್ಲ. ಮಾಡದಿದ್ದರೆ ನಾಲ್ಕು ಮಳೆಗಾಲದಲ್ಲಿ ಪಕ್ಕಾಸು ಕುಂಬಾಗಿ ಇಡೀ ಮಾಡೇ ಬಿಚ್ಚಬೇಕಾಗುತ್ತದೆ ಎಂದು ಎಲ್ಲರಿಗೂ ಗೊತ್ತು.

ಅದೇ ಮನೆಯವರು ದಿನಾ ಪೇಟೆಗೆ ಹೋಗುವ ದಾರಿಯಲ್ಲಿ ಒಂದು ಸೇತುವೆ ಉಂಟು. ಅದಕ್ಕೂ ಮಳೆ ಬೀಳುತ್ತದೆ, ಅದಕ್ಕೂ ನೀರು ಹೋಗುವ ಕೊಳವೆಗಳಿವೆ. ಆದರೆ ಮಳೆಗಾಲದ ಮೊದಲು ಕತ್ತಿ, ಹಾರೆ ಹಿಡಿದು ಅಲ್ಲಿಗೆ ಹೋಗುವ ಜನ ಇಲ್ಲ. ಯಾಕೆಂದರೆ ಸೇತುವೆ ಸರಕಾರದ್ದು. ಸರಕಾರ ಎಂದರೆ ಇಲ್ಲಿ ಯಾರು ಎಂದು ಕೇಳಿದರೆ ಉತ್ತರ ಅಲ್ಲಿಗೆ ನಿಂತಿತು.

ಮೇಲಿನಿಂದ ನೋಡಿದರೆ ನಮ್ಮ ಒಳನಾಡಿನ ಸೇತುವೆಗಳು ಚೆನ್ನಾಗಿಯೇ ಕಾಣುತ್ತವೆ. ಡಾಮರು ಕಪ್ಪಗಿದೆ, ತಡೆಗೋಡೆಗೆ ಎಂದೋ ಬಳಿದ ಸುಣ್ಣ ಇದೆ, ಅದರ ಮೇಲೆ ಚುನಾವಣೆಯ ಬರಹವೂ ಇದೆ. ಬೇಸಿಗೆಯಲ್ಲಿ ದನ ಮೀಯಿಸಲು ಇಳಿಯುವ ದಾರಿ ಹಿಡಿದು ಅಡಿಗೆ ಹೋದರೆ ಮಾತ್ರ ಚಿತ್ರ ಬೇರೆ. ಸ್ಲ್ಯಾಬಿನ ಕೆಳಮೈಯಲ್ಲಿ ಸುಣ್ಣದಂಥ ಬಿಳಿ ಗೆರೆಗಳು ಇಳಿದಿರುತ್ತವೆ. ಕೆಲವೆಡೆ ಕಾಂಕ್ರೀಟಿನ ಹಕ್ಕಳೆ ಎದ್ದು ಬಿದ್ದು ಒಳಗಿನ ಕಬ್ಬಿಣದ ಸರಳು ಹೊರಗೆ ಬಂದಿರುತ್ತದೆ. ಮುಟ್ಟಿದರೆ ಕೈಗೆ ಕೆಂಪು ಹುಡಿ. ಎರಡು ಸ್ಲ್ಯಾಬುಗಳ ಸಂದಿಯಲ್ಲಿ ಗೋಳಿಯ ಸಸಿ. ಕಂಬದ ಬುಡಕ್ಕೆ ಕಳೆದ ವರ್ಷದ ನೆರೆಯಲ್ಲಿ ಬಂದ ಮರ ಅಡ್ಡ ನಿಂತು, ಅದಕ್ಕೆ ಪ್ಲಾಸ್ಟಿಕ್ಕು, ಅಡಕೆಯ ಸೋಗೆ, ಬಿದಿರು ಎಲ್ಲ ಸಿಕ್ಕಿ ಒಂದು ಕಟ್ಟದ ಹಾಗೆ ಆಗಿರುತ್ತದೆ.

ಇದು ಯಾವುದೋ ಒಂದು ಸೇತುವೆಯ ಕಥೆ ಅಲ್ಲ, ಹಾಗಾಗಿ ಹೆಸರು ಹೇಳುವುದಿಲ್ಲ. ಓದುಗರು ತಮ್ಮ ಊರಿನದಕ್ಕೆ ಒಮ್ಮೆ ಇಳಿದು ನೋಡಬಹುದು.

ಯಾರ ಸೇತುವೆ?

ಕೇರಳದ 44 ನದಿಗಳಲ್ಲಿ 12 ಕಾಸರಗೋಡು ಜಿಲ್ಲೆಯಲ್ಲೇ ಹರಿಯುತ್ತವೆ ಎಂಬ ಲೆಕ್ಕ ಶಾಲೆಯ ಮಕ್ಕಳಿಗೂ ಬಾಯಿಪಾಠ. 16 ಕಿಲೋಮೀಟರಿನ ಮಂಜೇಶ್ವರ ಹೊಳೆಯಿಂದ ಹಿಡಿದು 105 ಕಿಲೋಮೀಟರಿನ ಚಂದ್ರಗಿರಿಯ ತನಕ, ನಡುವೆ ಉಪ್ಪಳ, ಶಿರಿಯ, ಕುಂಬಳೆ, ಮೊಗ್ರಾಲು. ಈ ಹೊಳೆಗಳಿಗೆ ಸೇರುವ ತೋಡುಗಳ ಲೆಕ್ಕ ಇಟ್ಟವರಿಲ್ಲ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಹೀಗಿರುವಾಗ ಒಂದು ಸಂಕವಾದರೂ ದಾಟದೆ ರೇಶನ್ ಅಂಗಡಿಗೆ ಹೋಗಿ ಬರುವ ಮನೆ ನಮ್ಮಲ್ಲಿ ಕಡಿಮೆ.

ಈ ಸೇತುವೆಗಳ ಯಜಮಾನರು ಮಾತ್ರ ಹಲವರು. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್ ರಾಷ್ಟ್ರೀಯ ಹೆದ್ದಾರಿಯನ್ನು ಷಟ್ಪಥ ಮಾಡಿದ ಗುತ್ತಿಗೆಯಲ್ಲಿ ಕಟ್ಟಿದವರೇ 15 ವರ್ಷ ನೋಡಿಕೊಳ್ಳಬೇಕೆಂಬ ಷರತ್ತಿದೆ. ರಾಜ್ಯ ಹೆದ್ದಾರಿ, ಜಿಲ್ಲಾ ರಸ್ತೆಗಳ ಸೇತುವೆ ಲೋಕೋಪಯೋಗಿ ಇಲಾಖೆಯದು. ಕಿಂಡಿ ಅಣೆಕಟ್ಟಿನ ಮೇಲೆಯೇ ಜೀಪು ಹೋಗುವಷ್ಟು ಅಗಲಕ್ಕೆ ಸ್ಲ್ಯಾಬ್ ಹಾಕಿದ್ದರೆ ಅದು ನೀರಾವರಿಯವರ ಲೆಕ್ಕ. ಉಳಿದ ಒಳರಸ್ತೆಗಳು ಪಂಚಾಯತಿನವು. ಅದರಲ್ಲಿಯೂ ಜಿಲ್ಲಾ ಪಂಚಾಯತು, ಬ್ಲಾಕ್, ಗ್ರಾಮ ಪಂಚಾಯತು ಎಂದು ಪಾಲು. ಇನ್ನು ಕೆಲವು ಯಾರೋ ಶಾಸಕರ ನಿಧಿಯಲ್ಲಿ, ಯಾವುದೋ ಬರ ಪರಿಹಾರದಲ್ಲಿ, ಯಾವುದೋ ಪ್ಯಾಕೇಜಿನಲ್ಲಿ ಆದವು. ಉದ್ಘಾಟನೆಯ ಕಲ್ಲು ಉಂಟು, ಆಸ್ತಿ ರಿಜಿಸ್ಟರಿನಲ್ಲಿ ಹೆಸರು ಉಂಟೋ ಇಲ್ಲವೋ ದೇವರಿಗೇ ಗೊತ್ತು.

ತೊಂದರೆ ಕಾಣಿಸಿದಾಗ ಊರವರು ಮನವಿ ಹಿಡಿದು ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗುವುದು ಈ ಕಾರಣಕ್ಕೆ. ‘ಅದು ನಮ್ಮದಲ್ಲ’ ಎಂಬುದು ಮೊದಲ ಉತ್ತರ. ನಮ್ಮದೇ ಎಂದು ಒಪ್ಪಿದವರ ಉತ್ತರ ‘ಫಂಡ್ ಇಲ್ಲ’.

ಎರಡನೆಯದು ಸುಳ್ಳಲ್ಲ. ಸ್ಥಳೀಯ ಸಂಸ್ಥೆಗಳ ಕೈ ನಿಜಕ್ಕೂ ಬಿಗಿಯಾಗಿದೆ. ಆದರೆ ಫಂಡ್ ಇಲ್ಲದ್ದರಿಂದ ಏನೂ ಮಾಡಲಿಕ್ಕಾಗುವುದಿಲ್ಲ ಎಂಬ ಮಾತು ಎಷ್ಟು ನಿಜ ಎಂಬುದನ್ನು ನೋಡಬೇಕಾಗಿದೆ. ಅದಕ್ಕೆ ಮೊದಲು ಸೇತುವೆ ಹಾಳಾಗುವುದು ಹೇಗೆ ಎಂದು ತಿಳಿಯಬೇಕು.

ಕಬ್ಬಿಣಕ್ಕೆ ನೀರು ಮುಟ್ಟಿದರೆ

ಸೇತುವೆ ಮುರಿಯುವುದು ಲಾರಿಯ ಭಾರಕ್ಕೆ ಎಂದು ನಾವು ತಿಳಿದಿದ್ದೇವೆ. ಲಾರಿ ಕೊನೆಯ ಪೆಟ್ಟು ಕೊಡಬಹುದು. ಅದಕ್ಕೆ ಹತ್ತಿಪ್ಪತ್ತು ವರ್ಷ ಮೊದಲೇ ಕೆಲಸ ಶುರು ಮಾಡಿರುವುದು ನೀರು.

ಸೇತುವೆಯ ಎರಡೂ ಬದಿಯಲ್ಲಿ ತಡೆಗೋಡೆಯ ಬುಡದಲ್ಲಿ ಸಣ್ಣ ಕೊಳವೆಗಳಿರುತ್ತವೆ. ಮಳೆನೀರು ಅದರ ಮೂಲಕ ಕೆಳಗೆ ಹೊಳೆಗೆ ಬೀಳಬೇಕು. ಕೆಂಪುಮಣ್ಣು, ಎಲೆ, ಗುಟ್ಕಾ ಪ್ಯಾಕೆಟ್ ಸೇರಿ ಒಂದೇ ವರ್ಷದಲ್ಲಿ ಅದು ಮುಚ್ಚುತ್ತದೆ. ನೀರು ಮೇಲೆಯೇ ನಿಂತು, ಕಾಂಕ್ರೀಟಿನ ಕಣ್ಣಿಗೆ ಕಾಣದ ಬಿರುಕುಗಳಲ್ಲಿ ಇಳಿಯುತ್ತದೆ. ಒಳಗಿನ ಸರಳಿಗೆ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಕಬ್ಬಿಣ ಮೊದಲಿಗಿಂತ ಎಷ್ಟೋ ಪಟ್ಟು ಜಾಗ ಬೇಡುತ್ತದೆ; ಅದು ಉಬ್ಬಿ ಕಾಂಕ್ರೀಟನ್ನು ಒಳಗಿನಿಂದಲೇ ಸಿಡಿಸುತ್ತದೆ. ಸಿಡಿದಲ್ಲಿ ಮತ್ತಷ್ಟು ನೀರು, ಮತ್ತಷ್ಟು ತುಕ್ಕು.

ಕರಾವಳಿಯಲ್ಲಿ ಇದರ ಜತೆಗೆ ಉಪ್ಪು ಸೇರಿತು. ಚಂದ್ರಗಿರಿಯಲ್ಲಿ ಸಮುದ್ರದ ನೀರು ಬೇಸಿಗೆಯಲ್ಲಿ ಎಷ್ಟು ಮೇಲೆ ಏರುತ್ತದೆ ಎಂದು ಕಾಸರಗೋಡು ಪೇಟೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಾವಿಕ್ಕೆರೆಯಲ್ಲಿ ಶಾಶ್ವತ ಅಣೆಕಟ್ಟು ಆಗುವ ತನಕ ವರ್ಷಗಟ್ಟಲೆ ನಳ್ಳಿಯಲ್ಲಿ ಉಪ್ಪುನೀರು ಕುಡಿದವರು ಅವರು. ನಾಲಿಗೆಗೆ ತಿಳಿದ ಆ ಉಪ್ಪು ಅಳಿವೆ ಬದಿಯ ಸೇತುವೆಗಳ ಕಂಬಕ್ಕೂ ಏರಿದೆ. ಒಳನಾಡಿನಲ್ಲಿ ಮೂವತ್ತು ವರ್ಷಕ್ಕೆ ಆಗುವ ಹಾನಿ ಕಡಲ ಬದಿಯಲ್ಲಿ ಅದಕ್ಕಿಂತ ಎಷ್ಟೋ ಮೊದಲೇ ಕಾಣಿಸುತ್ತದೆ.

ಇನ್ನೊಂದು ತಮಾಷೆ ಉಂಟು. ರಸ್ತೆಗೆ ಡಾಮರು ಹಾಕುವಾಗ ಸೇತುವೆಯ ಮೇಲೆಯೂ ಒಂದು ಪದರ ಎಳೆದು ಹೋಗುತ್ತಾರೆ. ಹಳೆಯದನ್ನು ಕೆರೆದು ತೆಗೆಯುವ ಕ್ರಮ ಇಲ್ಲ. ಎರಡು ಮೂರು ಸಲ ಹೀಗೆ ಆಗುವಾಗ ಐದು ಸೆಂಟಿಮೀಟರ್ ಏರಿತು ಎಂದಿಟ್ಟುಕೊಳ್ಳಿ. ಆ ದಪ್ಪದ ಡಾಮರು ಒಂದು ಚದರ ಮೀಟರಿಗೆ ಸುಮಾರು 115 ಕಿಲೋ ತೂಗುತ್ತದೆ. 20 ಮೀಟರ್ ಉದ್ದ, 5 ಮೀಟರ್ ಅಗಲದ ಸಣ್ಣ ಸೇತುವೆಗೆ ಲೆಕ್ಕ ಹಾಕಿದರೆ ಹನ್ನೊಂದೂವರೆ ಟನ್ನು. ಅಷ್ಟು ತೂಕದ ಒಂದು ವಾಹನವನ್ನು ಹಗಲೂ ರಾತ್ರಿ ಸೇತುವೆಯ ಮೇಲೆ ನಿಲ್ಲಿಸಿದ ಹಾಗೆ! ಮೇಲಾಗಿ ಆ ಡಾಮರು ಕೊಳವೆಯ ಬಾಯಿಯನ್ನೂ ಮುಚ್ಚಿರುತ್ತದೆ. ಊರವರು ‘ಸೇತುವೆ ರಿಪೇರಿ ಆಯಿತು’ ಎಂದು ಸಂತೋಷಪಡುತ್ತಾರೆ.

ಬುಡದ ಚಿಂತೆ

ಇಷ್ಟು ಹೊತ್ತು ಹೇಳಿದ್ದು ಕಣ್ಣಿಗೆ ಕಾಣುವ ಹಾನಿ. ಕಾಣದ ಹಾನಿ ನೀರಿನ ಅಡಿಯಲ್ಲಿದೆ. ನೆರೆ ಬಂದಾಗ ಕಂಬದ ಸುತ್ತ ನೀರು ಸುಳಿದು ಬುಡದ ಮರಳನ್ನು ತೋಡುತ್ತದೆ. ಅಡ್ಡ ಸಿಕ್ಕಿದ ಮರ, ಕಸ ಇದ್ದರೆ ಸುಳಿ ಇನ್ನೂ ಜೋರು. ಹೊಳೆ ತಾನಾಗಿ ತೋಡಿದ್ದು ಸಾಲದೆಂದು ದೋಣಿ ಹಾಕಿ ನಾವೂ ತೋಡಿದ್ದೇವೆ. ನದಿಗಳ ಮರಳು ತೆಗೆಯುವುದನ್ನು ನಿಯಂತ್ರಿಸಲು ಕೇರಳದಲ್ಲಿ 2001ರಲ್ಲೇ ಕಾಯ್ದೆ ಬಂತು. ಸೇತುವೆಗಳ ಹತ್ತಿರ ಮರಳು ತೆಗೆಯಬಾರದೆಂದು ಅದರಲ್ಲಿದೆ. ರಾತ್ರಿ ಹೊತ್ತು ನಮ್ಮ ಹೊಳೆಬದಿಯಲ್ಲಿ ಟಿಪ್ಪರಿನ ಸದ್ದು ಕೇಳಿದವರಿಗೆ ಕಾಯ್ದೆಯ ಕಥೆ ಗೊತ್ತು.

2016ರ ಆಗಸ್ಟ್ 2ರ ರಾತ್ರಿ ಮಹಾರಾಷ್ಟ್ರದ ಮಹಾಡ್ ಬಳಿ ಸಾವಿತ್ರಿ ನದಿಯ ಬ್ರಿಟಿಷರ ಕಾಲದ ಕಲ್ಲಿನ ಸೇತುವೆ ನೆರೆಗೆ ಕೊಚ್ಚಿಹೋಗಿ ಎರಡು ಸರಕಾರಿ ಬಸ್ಸುಗಳು ಸಹಿತ ವಾಹನಗಳು ನದಿಗೆ ಬಿದ್ದವು. ಅದೇ ವರ್ಷದ ಮೇ ತಿಂಗಳಲ್ಲಿ ಆ ಸೇತುವೆಯನ್ನು ಪರಿಶೀಲಿಸಿ ಸಂಚಾರಕ್ಕೆ ಯೋಗ್ಯ ಎಂದು ಹೇಳಲಾಗಿತ್ತು. ಮೇಲಿನಿಂದ ನೋಡಿದವರಿಗೆ ಬುಡ ಕಾಣುವುದಿಲ್ಲ. ಅಲ್ಲಿ ಹೊಸ ಸೇತುವೆಯನ್ನು ಕೇವಲ 165 ದಿನಗಳಲ್ಲಿ ಕಟ್ಟಿ 2017ರ ಜೂನ್‌ನಲ್ಲಿ ಬಿಟ್ಟುಕೊಟ್ಟರು. ಜೀವ ಹೋದ ಮೇಲೆ ಹಣವೂ ಬಂತು, ವೇಗವೂ ಬಂತು.

ಅದು ನಮ್ಮ ಹೊಸಂಗಡಿ, ಉಪ್ಪಳದ ಎದುರು ಹಾದುಹೋಗುವ 66ನೇ ಹೆದ್ದಾರಿಯೇ. ಅದೇ ಹೆದ್ದಾರಿಯಲ್ಲಿ 2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ ಕಾರವಾರದ ಕಾಳಿ ನದಿಯ ಹಳೆ ಸೇತುವೆ ಕುಸಿಯಿತು. ಅದಕ್ಕೆ ಆಗಿದ್ದುದು ನಲವತ್ತು ಚಿಲ್ಲರೆ ವರ್ಷ ಅಷ್ಟೇ. ಬಿದ್ದ ಲಾರಿಯ ಚಾಲಕನನ್ನು ಬದುಕಿಸಿದರು. ಹಗಲು ಹೊತ್ತಾಗಿದ್ದರೆ ಎಂದು ಯೋಚಿಸಲಿಕ್ಕೇ ಹೆದರಿಕೆ. ರಾಷ್ಟ್ರೀಯ ಹೆದ್ದಾರಿಯ ಸೇತುವೆಯ ಗತಿ ಇದಾದರೆ ಪಂಚಾಯತು ಸೇತುವೆಯನ್ನು ನೋಡುವವರು ಯಾರು ಮಾರಾಯ್ರೇ?

ಹಣ ಎಲ್ಲಿ ಹೋಗುತ್ತದೆ?

ಕೇರಳದಲ್ಲಿ ಸ್ಥಳೀಯ ಸಂಸ್ಥೆಗಳಿಗೆ ಯೋಜನಾ ನಿಧಿಯಲ್ಲದೆ ಮೆಯಿಂಟೆನೆನ್ಸ್ ಫಂಡ್ ಎಂದು ಬೇರೆಯೇ ಹಣ ಬರುತ್ತದೆ. ರಸ್ತೆಗಳಿಗೆ ಒಂದು ಪಾಲು, ರಸ್ತೆಯಲ್ಲದ ಆಸ್ತಿಗಳಿಗೆ ಇನ್ನೊಂದು ಪಾಲು. ಬೇರೆ ಎಷ್ಟೋ ರಾಜ್ಯಗಳ ಪಂಚಾಯತುಗಳ ಮುಂದೆ ಇದು ನಮ್ಮ ಭಾಗ್ಯ ಎನ್ನಬೇಕು. ಆದರೆ ರಸ್ತೆಯ ಪಾಲು ಹೋಗುವುದು ಡಾಮರಿಗೆ, ಕಾಂಕ್ರೀಟಿಗೆ. ವಾರ್ಡಿಗೆ ಇಷ್ಟಿಷ್ಟು ಮೀಟರ್ ಎಂದು ಹಂಚಿದ ಮೇಲೆ ಸೇತುವೆಗೆ ಎಂದು ಮಿಗುವುದು ಏನು? ಮೆಂಬರನ್ನು ದೂರಿ ಪ್ರಯೋಜನ ಇಲ್ಲ. ಹೊಂಡ ಬಿದ್ದ ರಸ್ತೆಗೆ ಜನ ಬೈಯುತ್ತಾರೆ. ಕೊಳವೆ ಮುಚ್ಚಿದ ಸೇತುವೆಗೆ ಯಾರೂ ಬೈಯುವುದಿಲ್ಲ. ಮಾರ್ಚ್ ಬಂತೆಂದರೆ ಖಜಾನೆಯಲ್ಲಿ ಬಿಲ್ಲುಗಳ ಸಾಲು, ಪಾಸಾಗದ ಬಿಲ್ಲು ಮುಂದಿನ ವರ್ಷದ ತಲೆಗೆ. ಹೀಗೆ ಅರ್ಧ ಫಂಡ್ ಹಳೆ ಬಾಕಿಗೇ ಹೋದರೆ ಹೊಸ ಕೆಲಸ ಎಲ್ಲಿಂದ?

ಹೊಸ ಸೇತುವೆಯ ಸಂಗತಿ ಬೇರೆ. ಅದಕ್ಕೆ ಶಿಲಾನ್ಯಾಸ ಉಂಟು, ಬ್ಯಾನರ್ ಉಂಟು, ಪಾಯಸ ಉಂಟು. ಪ್ರಭಾಕರನ್ ಆಯೋಗದ ವರದಿಯ ಬಳಿಕ ಬಂದ ಕಾಸರಗೋಡು ಅಭಿವೃದ್ಧಿ ಪ್ಯಾಕೇಜಿನಲ್ಲಿ ಜಿಲ್ಲೆಗೆ ಹಲವು ಸೇತುವೆಗಳು ಬಂದವು. ಪುಲ್ಲೂರು-ಪೆರಿಯ ಮತ್ತು ಬೇಡಡ್ಕ ಪಂಚಾಯತುಗಳನ್ನು ಸೇರಿಸುವ ಎತ್ತರದ ಆಯಂಕಡವು ಸೇತುವೆ ನೋಡಲು ಈಗ ಜನ ಪ್ರವಾಸ ಹೋಗುತ್ತಾರೆ. ಆಗಬೇಕಾದದ್ದೇ. ದಶಕಗಟ್ಟಲೆ ಕಡವಿನಲ್ಲಿ ದೋಣಿಗೆ ಕಾದ ಊರುಗಳು ಅವು. ಆದರೆ ಒಂದೊಂದು ಹೊಸ ಸೇತುವೆಯ ಜತೆ ಮುಂದಿನ ಐವತ್ತು ವರ್ಷದ ಒಂದು ಖರ್ಚೂ ಹುಟ್ಟುತ್ತದೆ, ಅದಕ್ಕೆ ಪ್ಯಾಕೇಜು ಇಲ್ಲ. ಸಂಸದರ ನಿಧಿಯ ನಿಯಮಾವಳಿಯಲ್ಲಂತೂ ನಿರ್ವಹಣೆಯ ಕೆಲಸಗಳು ವರ್ಷಗಟ್ಟಲೆ ‘ಮಾಡಬಾರದ’ ಪಟ್ಟಿಯಲ್ಲೇ ಇದ್ದವು.

ಹೊಸತು ಎಂದ ಮಾತ್ರಕ್ಕೆ ಗಟ್ಟಿ ಎಂದೂ ಅಲ್ಲ. ಕೊಚ್ಚಿಯ ಪಾಲಾರಿವಟ್ಟಂ ಮೇಲ್ಸೇತುವೆ 2016ರಲ್ಲಿ ಉದ್ಘಾಟನೆಯಾಗಿ 2019ರ ಮೇ ತಿಂಗಳಲ್ಲಿ ಮುಚ್ಚಿತು. ಬಹುಭಾಗವನ್ನು ಒಡೆದು ಮತ್ತೆ ಕಟ್ಟಿ 2021ರ ಮಾರ್ಚಿನಲ್ಲಿ ತೆರೆಯಬೇಕಾಯಿತು.

ಡಿ ಸಿಟ್ಟರ್ ಎಂಬ ಡಚ್ ತಜ್ಞ 1984ರಲ್ಲಿ ಒಂದು ‘ಐದರ ಲೆಕ್ಕ’ ಹೇಳಿದ್ದ. ಕಟ್ಟುವಾಗ ಸರಿಯಾಗಿ ಕಟ್ಟಲು ಒಂದು ರೂಪಾಯಿ ಸಾಕಾಗುತ್ತಿದ್ದಲ್ಲಿ, ಹಾನಿ ಶುರುವಾಗುವ ಮೊದಲು ತಡೆಯಲು ಐದು ಬೇಕು, ಶುರುವಾದ ಮೇಲೆ ರಿಪೇರಿಗೆ 25, ಪೂರ್ತಿ ಹಬ್ಬಿದ ಮೇಲೆ 125. ಇದು ಅಂದಾಜಿನ ಲೆಕ್ಕವೇ ಹೊರತು ಅಳೆದು ತೂಗಿದ್ದಲ್ಲ. ಆದರೂ ಎಂಜಿನಿಯರುಗಳು ಇಂದಿಗೂ ಅದನ್ನು ಹೇಳುತ್ತಾರೆ. ಬಡ ಪಂಚಾಯತಿಗೆ ಕೈಗೆಟಕುವುದು ಐದರ ಕೆಲಸ ಮಾತ್ರ. ಅದನ್ನು ಮಾಡದೆ ನೂರಿಪ್ಪತ್ತೈದಕ್ಕೆ ಕಾಯುವುದು ಯಾವ ಉಳಿತಾಯ?

ಕತ್ತಿ, ಹಾರೆ, ಬುಟ್ಟಿ

ಐದರ ಕೆಲಸ ಎಂದರೆ ಎಂತ? ದೊಡ್ಡ ವಿದ್ಯೆ ಏನಲ್ಲ. ಮೇ ತಿಂಗಳಲ್ಲಿ ಕೊಳವೆಗಳ ಬಾಯಿ ಬಿಡಿಸಿ ಒಂದು ಕೊಡ ನೀರು ಹೊಯ್ದು ನೋಡುವುದು. ಸಂದಿಯಲ್ಲಿ ತುಂಬಿದ ಮಣ್ಣು, ಜಲ್ಲಿ ಕೆರೆದು ತೆಗೆಯುವುದು. ಬಿಸಿಲಿಗೆ ಸೇತುವೆ ಹಿಗ್ಗಲು ಬಿಟ್ಟ ಜಾಗ ಅದು, ಅಲ್ಲಿ ಕಲ್ಲು ಸಿಕ್ಕಿದರೆ ಸ್ಲ್ಯಾಬಿನ ಅಂಚೇ ಒಡೆಯುತ್ತದೆ. ಗೋಳಿ, ಅಶ್ವತ್ಥದ ಸಸಿಯನ್ನು ಬೆರಳಿನಷ್ಟಿರುವಾಗಲೇ ಬೇರು ಸಹಿತ ಕೀಳುವುದು. ಬರೀ ಕಡಿದರೆ ಮುಂದಿನ ವರ್ಷ ಎರಡು ಚಿಗುರು ಬರುತ್ತದೆ. ಕಂಬಕ್ಕೆ ಸಿಕ್ಕಿದ ಮರ ತೆಗೆಯುವುದು. ಸೇತುವೆಗೆ ಸೇರುವ ರಸ್ತೆಯ ನೀರು ಸೇತುವೆಯ ಮೇಲೆ ಹರಿದು ಬಾರದಂತೆ ಬದಿಗೆ ಕಣಿ ತಿರುಗಿಸುವುದು. ಕಬ್ಬಿಣದ ಕೈಪಟ್ಟಿ ಇದ್ದರೆ ತುಕ್ಕು ತಿಕ್ಕಿ ಬಣ್ಣ ಕೊಡುವುದು.

ಸಣ್ಣ ಸೇತುವೆಗೆ ಇದು ನಾಲ್ಕು ಆಳಿನ ಒಂದೆರಡು ದಿನದ ಕೆಲಸ. ಡಾಮರು ಹಾಕುವ ಗುತ್ತಿಗೆಯಲ್ಲಿ ‘ಸೇತುವೆಯ ಮೇಲಿನ ಹಳೆ ಪದರ ತೆಗೆದು, ಕೊಳವೆ ತೆರೆದು ಹಾಕತಕ್ಕದ್ದು’ ಎಂದು ಒಂದು ಸಾಲು ಸೇರಿಸಿದರೆ ಇನ್ನೊಂದು ಕೆಲಸ ಆಯಿತು. ಇಂಡಿಯನ್ ರೋಡ್ಸ್ ಕಾಂಗ್ರೆಸಿನ ಮಾರ್ಗಸೂಚಿಯೂ ಮಳೆಗಾಲದ ಹಿಂದೆ ಮುಂದೆ ನೋಡಿಕೊಳ್ಳಿ ಎಂದೇ ಹೇಳುತ್ತದೆ. ಮಳೆ ಮುಗಿದ ಮೇಲೆ, ಅಕ್ಟೋಬರಿನಲ್ಲೋ ನವೆಂಬರಿನಲ್ಲೋ ನೀರು ತಿಳಿಯಾದಾಗ, ಕಂಬದ ಬುಡ ಎಷ್ಟು ತೋಡಿಹೋಗಿದೆ ಎಂದು ಒಂದು ಬಿದಿರು ಇಳಿಸಿ ಅಳೆದರೂ ಸಾಕು. ಹೋದ ವರ್ಷದ ಅಳತೆ ಬರೆದಿಟ್ಟಿದ್ದರೆ ಮಾತ್ರ ಅದಕ್ಕೆ ಅರ್ಥ.

ಬರೆದಿಡುವುದರಲ್ಲೇ ನಾವು ಸೋತಿದ್ದೇವೆ. ಕೇಂದ್ರ ಸರಕಾರ 2016ರಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಪ್ರತಿಯೊಂದು ಸೇತುವೆಗೂ ಒಂದು ನಂಬರ್ ಕೊಟ್ಟು, ಅದರ ಸ್ಥಿತಿಗೆ ಅಂಕ ಹಾಕುವ ವ್ಯವಸ್ಥೆ ಆರಂಭಿಸಿತು. ಪಂಚಾಯತಿಗೆ ಅಂಥ ಕಂಪ್ಯೂಟರ್ ವ್ಯವಸ್ಥೆಯೇ ಬೇಕೆಂದಿಲ್ಲ. ಎರಡು ರೂಲಿನ ನೋಟು ಪುಸ್ತಕ ಸಾಕು. ಯಾವ ವರ್ಷ ಕಟ್ಟಿದ್ದು, ನಕ್ಷೆ ಎಲ್ಲಿದೆ, ಯಾವ ದಿನ ಯಾರು ಅಡಿಗೆ ಇಳಿದು ನೋಡಿದರು, ಯಾವ ಬದಿಯಲ್ಲಿ ಎಷ್ಟು ಸರಳು ಕಾಣುತ್ತದೆ, ಒಂದು ಫೋಟೋ. ಈಗ ಹಳೆ ಸೇತುವೆಗಳ ಚರಿತ್ರೆ ಇರುವುದು ನಿವೃತ್ತ ಓವರ್ಸಿಯರುಗಳ ತಲೆಯಲ್ಲಿ. ಅವರು ಹೋದರೆ ಅದೂ ಹೋಯಿತು.

ಮೊದಲು ಯಾವುದು?

ಕತ್ತಿ ಹಾರೆಯಲ್ಲಿ ಮುಗಿಯದ ಸೇತುವೆಗಳೂ ಉಂಟು. ಸರಳು ಅರ್ಧಕ್ಕರ್ಧ ತಿಂದುಹೋದದ್ದು, ಕಂಬ ವಾಲಿದ್ದು. ಇವಕ್ಕೆ ಎಂಜಿನಿಯರು ಬೇಕು, ಲಕ್ಷಗಟ್ಟಲೆ ಹಣ ಬೇಕು. ಪಂಚಾಯತಿನಲ್ಲಿ ಅಂಥದು ಐದು ಇದ್ದು ಹಣ ಒಂದಕ್ಕೆ ಮಾತ್ರ ಇದ್ದರೆ? ಸಾಮಾನ್ಯವಾಗಿ ಗೆಲ್ಲುವುದು ಗಟ್ಟಿ ಗಂಟಲಿನ ಮೆಂಬರ ವಾರ್ಡು. ಇಲ್ಲವೆಂದರೆ ಐದಕ್ಕೂ ಸಮನಾಗಿ ಹಂಚಿ ಐದಕ್ಕೂ ಸಿಮೆಂಟು ಮೆತ್ತಿ ಬಿಡುವುದು. ತುಕ್ಕು ತೆಗೆಯದೆ ಮೆತ್ತಿದ ಸಿಮೆಂಟು ಎರಡು ಮಳೆಗಾಲ ನಿಲ್ಲುವುದಿಲ್ಲ.

ಹಾಳಾದದ್ದರಲ್ಲಿ ಅತಿ ಹಾಳಾದದ್ದು ಮೊದಲು ಎಂಬುದೂ ಪೂರ್ತಿ ಸರಿಯಲ್ಲ ಎಂದು ಈ ಲೇಖಕನ ಅಭಿಪ್ರಾಯ. ಅದು ಮುಚ್ಚಿದರೆ ಜನ ಎಷ್ಟು ಸುತ್ತಬೇಕು ಎಂಬುದನ್ನು ನೋಡಬೇಕು. ಹತ್ತಿರದಲ್ಲೇ ಇನ್ನೊಂದು ದಾರಿ ಇರುವ ಶಿಥಿಲ ಸೇತುವೆಯನ್ನು ಮುಚ್ಚಿ ಕಾಯಬಹುದು. ಆಚೆ ಬದಿಯ ನೂರು ಮನೆಗೆ ಅದೊಂದೇ ದಾರಿ ಎಂದಾದರೆ, ಅಷ್ಟೇನೂ ಹಾಳಾಗದಿದ್ದರೂ ಅದನ್ನೇ ಮೊದಲು ಹಿಡಿಯಬೇಕು. ಶಾಲೆಯ ಬಸ್ಸು ಉಂಟೋ, ಆಂಬ್ಯುಲೆನ್ಸ್ ಹೋಗುತ್ತದೋ, ಕೆಂಪುಕಲ್ಲಿನ ಕೋರೆಯ ಲಾರಿಗಳು ಅದೇ ದಾರಿಯೋ ಎಂದೂ ಕೇಳಬೇಕು. ದೊಡ್ಡ ಕಾಯಿಲೆಗೆ ಮಂಗಳೂರೇ ಗತಿಯಾದ ನಮ್ಮವರಿಗೆ ದಾರಿ ಮುಚ್ಚುವುದರ ಬೆಲೆ ಗೊತ್ತು. 2020ರ ಲಾಕ್‌ಡೌನಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಆಸ್ಪತ್ರೆ ಮುಟ್ಟಲಾಗದೆ ಹೋದ ಜೀವಗಳನ್ನು ಮರೆತವರಿಲ್ಲ. ಅಂದು ಅಡ್ಡ ಬಂದದ್ದು ಮಣ್ಣಿನ ರಾಶಿ. ಸೇತುವೆ ಬಿದ್ದರೆ ಹೊಳೆ.

ಫಲಕ ಹಾಕಿದರೆ ಮುಗಿಯಿತೇ?

ಹಣ ಬರುವ ತನಕ ಭಾರ ಕಡಿಮೆ ಮಾಡುವುದು ಖರ್ಚಿಲ್ಲದ ಉಪಾಯ. ಖರ್ಚು ಸರಕಾರಕ್ಕಿಲ್ಲ, ಜನರಿಗೆ ಉಂಟು. ಪಕ್ಕದ ದಕ್ಷಿಣ ಕನ್ನಡದ ಪೊಳಲಿ-ಅಡ್ಡೂರು ಸೇತುವೆಯಲ್ಲಿ 2024ರ ಆಗಸ್ಟಿನಲ್ಲಿ ಘನ ವಾಹನ ನಿಷೇಧಿಸಿದಾಗ ಬಸ್ಸು ನಿಂತು ಶಾಲೆ ಕಾಲೇಜಿನ ಮಕ್ಕಳು, ಕೆಲಸಕ್ಕೆ ಹೋಗುವವರು ಪಟ್ಟ ಪಾಡು ಪತ್ರಿಕೆ ಓದುವವರಿಗೆ ನೆನಪಿರಬಹುದು. ಜನ ಪ್ರತಿಭಟಿಸಿದರು, ಅದು ಸಹಜ. ಆದರೂ ಸಮಯಕ್ಕೆ ನಿಲ್ಲಿಸಿದವರನ್ನು ಬೈಯುವುದಕ್ಕಿಂತ, ನಿಲ್ಲಿಸಬೇಕಾದ ಸ್ಥಿತಿಗೆ ಬರುವ ತನಕ ಏನು ಮಾಡುತ್ತಿದ್ದಿರಿ ಎಂದು ಕೇಳುವುದು ಹೆಚ್ಚು ಸರಿ.

ಬರೀ ಬೋರ್ಡು ಹಾಕಿ ಕೈ ತೊಳೆದುಕೊಳ್ಳುವುದೂ ಆಗುವುದಿಲ್ಲ. ಗೋವಾದ ಸಾವರ್ಡೆಯಲ್ಲಿ ಪೋರ್ಚುಗೀಸರ ಕಾಲದ ಕಾಲುಸೇತುವೆ ಮುಚ್ಚಿದ್ದೇ ಆಗಿತ್ತು. 2017ರ ಮೇ ತಿಂಗಳಲ್ಲಿ ನದಿಗೆ ಹಾರಿದವನ ಹುಡುಕಾಟ ನೋಡಲು ಜನ ಅದರ ಮೇಲೆಯೇ ಸೇರಿ ಸೇತುವೆ ಕುಸಿಯಿತು. ಪುಣೆ ಬಳಿಯ ಕುಂಡಮಳದಲ್ಲಿ 2025ರ ಜೂನ್ 15ರಂದು ಇಂದ್ರಾಯಣಿ ನದಿಯ ಕಬ್ಬಿಣದ ಸೇತುವೆ ಕುಸಿದು ನಾಲ್ವರು ಸತ್ತಾಗಲೂ ಅಲ್ಲಿ ಎಚ್ಚರಿಕೆಯ ಫಲಕ ಇತ್ತು. ಮುಚ್ಚುವುದಾದರೆ ಎರಡು ಕಡೆ ಕಲ್ಲು ಕಟ್ಟಿ ಮುಚ್ಚಬೇಕು. ಲಾರಿ ಬೇಡವಾದರೆ ಲಾರಿ ನುಗ್ಗದಷ್ಟು ಎತ್ತರಕ್ಕೆ ಕಬ್ಬಿಣದ ಕಮಾನು ನೆಡಬೇಕು.

ಇಲ್ಲಿ ಗಡಿನಾಡಿನ ಒಂದು ಮಾತು ಹೇಳಲೇಬೇಕು. ನಮ್ಮಲ್ಲಿ ‘ಅಪಾಯ’, ‘ಭಾರದ ಮಿತಿ’ ಫಲಕಗಳು ಎಷ್ಟೋ ಕಡೆ ಮಲಯಾಳದಲ್ಲಿ ಮಾತ್ರ. ಕನ್ನಡ ಶಾಲೆಯಲ್ಲಿ ಕಲಿತ ಹಿರಿಯರು, ಸುಳ್ಯ, ಪುತ್ತೂರು, ವಿಟ್ಲದಿಂದ ಜಲ್ಲಿ, ಅಡಕೆ ಹೇರಿಕೊಂಡು ಬರುವ ಲಾರಿಯವರು ಅದನ್ನು ಓದುವುದು ಹೇಗೆ? ಭಾಷಾ ಅಲ್ಪಸಂಖ್ಯಾತರ ಹಕ್ಕಿನ ಪ್ರಶ್ನೆಯನ್ನು ಬದಿಗಿಟ್ಟರೂ, ಓದಲಾಗದ ಎಚ್ಚರಿಕೆಯಿಂದ ಯಾರಿಗೆ ಪ್ರಯೋಜನ? ಇನ್ನೊಂದು ಸಾಲು ಕನ್ನಡ ಬರೆಯಲು ಬೇಕಾದದ್ದು ಒಂದು ಡಬ್ಬಿ ಪೇಂಟು.

ತೂಗುವ ಸೇತುವೆ, ಕಾಲುಸಂಕ

ರಸ್ತೆ ಸೇತುವೆಗಳಿಗಾದರೂ ಒಂದು ಇಲಾಖೆ ಉಂಟು. ಕಾಲುಸಂಕಗಳಿಗೆ ಅದೂ ಇಲ್ಲ. ಅಡಕೆ ಮರದ ಸಂಕವನ್ನು ಊರವರೇ ಪ್ರತಿ ವರ್ಷ ಕಟ್ಟುತ್ತಾರೆ, ಕಟ್ಟುವಾಗ ಹಳೆ ಮರ ಕುಂಬಾಗಿದೆಯೋ ಎಂದು ತುಳಿದೂ ನೋಡುತ್ತಾರೆ. ತಮಾಷೆ ಎಂದರೆ ನಿರ್ವಹಣೆಯ ಕ್ರಮ ಸರಿಯಾಗಿ ಉಳಿದಿರುವುದು ಆ ಸಂಕಗಳಲ್ಲಿ ಮಾತ್ರ.

ನಮ್ಮ ಚಂದ್ರಗಿರಿಯೇ ಮೇಲೆ ಸುಳ್ಯದಲ್ಲಿ ಪಯಸ್ವಿನಿ. ಅಲ್ಲಿನ ಅರಂಬೂರಿನಲ್ಲಿ 1989ರಲ್ಲಿ ಗಿರೀಶ್ ಭಾರದ್ವಾಜರು ಊರವರ ಜತೆ ಸೇರಿ ಕಟ್ಟಿದ ತೂಗುಸೇತುವೆಯಿಂದ ಒಂದು ದೊಡ್ಡ ಕಥೆಯೇ ಶುರುವಾಯಿತು. ಕರ್ನಾಟಕ, ಕೇರಳ ಸಹಿತ ಹಲವು ರಾಜ್ಯಗಳಲ್ಲಿ ನೂರಕ್ಕೂ ಮಿಕ್ಕಿ ತೂಗುಸೇತುವೆ ಕಟ್ಟಿದ ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು. ಕಾಂಕ್ರೀಟ್ ಸೇತುವೆಯ ಖರ್ಚಿನ ಸಣ್ಣ ಪಾಲಿನಲ್ಲಿ, ಕೆಲವೇ ತಿಂಗಳಲ್ಲಿ ಆಗುವ ಇಂಥವು ಬಡ ಊರುಗಳ ಪಾಲಿಗೆ ವರವೇ ಸರಿ. ಆದರೆ ಅದರ ಪ್ರಾಣ ಉಕ್ಕಿನ ಹಗ್ಗದಲ್ಲಿ. ಹಗ್ಗಕ್ಕೆ ಗ್ರೀಸು, ಕ್ಲಾಂಪುಗಳ ಬಿಗಿ, ಕಂಬಕ್ಕೆ ಬಣ್ಣ, ಸಡಿಲಾದ ಹಲಗೆ ಬದಲು ಇವೆಲ್ಲ ತಪ್ಪಿದರೆ ಏನಾಗುತ್ತದೆಂದು 2022ರ ಅಕ್ಟೋಬರ್ 30ರಂದು ಗುಜರಾತಿನ ಮೋರ್ಬಿಯಲ್ಲಿ 135 ಜನ ಸತ್ತಾಗ ದೇಶ ನೋಡಿತು. ಅಲ್ಲಿನ ಒಂದು ಮುಖ್ಯ ಹಗ್ಗದ 49 ತಂತಿಗಳಲ್ಲಿ 22ಕ್ಕೆ ಮೊದಲೇ ತುಕ್ಕು ಹಿಡಿದಿತ್ತೆಂದು ವಿಶೇಷ ತನಿಖಾ ತಂಡ ವರದಿ ಮಾಡಿತು. ಹೊರಗಿನ ಹಲಗೆಗಳನ್ನು ಮಾತ್ರ ಹೊಸತಾಗಿ ಹಾಕಿದ್ದರು.

ಗ್ರಾಮಸಭೆಯಲ್ಲಿ ನಾವು ಕೇಳುವುದು ಹೊಸ ಸೇತುವೆ ಯಾವಾಗ ಎಂದು. ಈ ಸಲ ಬೇರೆ ಎರಡು ಪ್ರಶ್ನೆ ಕೇಳಿ ನೋಡಬಹುದು. ನಮ್ಮ ವಾರ್ಡಿನ ಎಷ್ಟು ಸೇತುವೆ, ಎಷ್ಟು ಮೋರಿ ರಿಜಿಸ್ಟರಿನಲ್ಲಿ ಉಂಟು? ಅವುಗಳ ಅಡಿಗೆ ಕೊನೆಯ ಸಲ ಯಾರಾದರೂ ಇಳಿದದ್ದು ಯಾವ ತಾರೀಕಿಗೆ? ಉತ್ತರ ಸಿಗದಿದ್ದರೆ ಅದನ್ನೂ ಮಿನಿಟ್ಸಿನಲ್ಲಿ ಬರೆಸಬಹುದು, ಕನ್ನಡದಲ್ಲಿ.

ಆರಂಭದಲ್ಲಿ ಹೇಳಿದ ಗೋಳಿಯ ಸಸಿ ಈಗ ಹೆಬ್ಬೆರಳಿನಷ್ಟು ದಪ್ಪ. ಬುಡದಲ್ಲಿ ಬೇರು ಕಲ್ಲಿನ ಸಂದಿಗೆ ಇಳಿದಿದೆ, ಆದರೆ ಇನ್ನೂ ಕೈಯಲ್ಲಿ ಅಲುಗಾಡುತ್ತದೆ. ಇನ್ನೆರಡು ಮಳೆಗಾಲ ಕಳೆದರೆ ಅಲುಗಾಡಲಿಕ್ಕಿಲ್ಲ.